ಭಾನುವಾರ ಬಾಗಿಲು ಹಾಕುವ ವೆಬ್‌ಸೈಟ್

ದ್ವೀಪದೇಶ ಟೊಂಗಾದ ನೆಯಾಫು ಊರಿನ ಲೋಪೆತಿ ಯಾವ ಕಂಪನಿಗೂ ಸೇರಿದವನಲ್ಲ. ಇಪ್ಪತ್ತು ವರ್ಷದಿಂದ ತನ್ನ ಜಗಲಿಯಲ್ಲಿ ಕೂತು ಒಂದೇ ಒಂದು ಸಾಫ್ಟ್‌ವೇರ್ ಬರೆದು, ಅದನ್ನೇ ತಿದ್ದುತ್ತ ಬಂದವನು. ಅಲ್ಲಿಯವರು ಚರ್ಚಿನ ಹಾಡುಗಳ ಸ್ವರವನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಆ ಅಂಕಿಗಳನ್ನು ಓರಣವಾಗಿ ಜೋಡಿಸಿಕೊಡುವುದು ಅದರ ಕೆಲಸ. ಅವನ ಅಪ್ಪ ಹಾಡು ಕಲಿಸುವ ಗುರು. ಕರಿಹಲಗೆಯ ಮೇಲೆ ಸ್ವರ ಬರೆದು, ಎಲ್ಲರಿಗೂ ಬಾಯಿಪಾಠವಾದ ಮೇಲೆ ಅಂಗೈಯಿಂದ ಒರೆಸಿಬಿಡುತ್ತಿದ್ದರು. ಸೀಮೆಸುಣ್ಣ ಮೆತ್ತಿದ ಆ ಅಂಗೈ ಲೋಪೆತಿಯ ಕಣ್ಣಿನಲ್ಲಿ ಇನ್ನೂ ಇದೆ. ಒರೆಸಿಹೋದದ್ದನ್ನು ಉಳಿಸಲೆಂದೇ, ಅಪ್ಪ ಬಿಟ್ಟುಹೋದ ಹಳೆಯ ಕಾಗದಗಳಲ್ಲಿದ್ದ ಹಾಡುಗಳನ್ನು ಹಾಕಿ ಅವನು ವೆಬ್‌ಸೈಟ್ ಕಟ್ಟಿದ್ದು. ಅದರ ಮೊದಲ ಪುಟದಲ್ಲಿ ಹೀಗೆ ಬರೆದಿದ್ದ: "ನಿಧಾನವಾಗಿ ಮಾಡುತ್ತೇನೆ. ಪ್ರತಿ ಪತ್ರಕ್ಕೂ ನಾನೇ ಉತ್ತರಿಸುತ್ತೇನೆ. ಭಾನುವಾರ ದೇವರದು, ಅಂದು ಬಾಗಿಲು ಹಾಕಿರುತ್ತದೆ." ಭಾನುವಾರ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಒಂದು ಭಾನುವಾರ ಚರ್ಚು ಮುಗಿಸಿ, ನೆಲದಲ್ಲಿ ತೋಡಿದ ಒಲೆಯಿಂದ ಕೆಸುವಿನೆಲೆಯ ಪೊಟ್ಟಣ ತೆಗೆಯುವಾಗ ಫೋನ್ ಬಂತು. ಸಮುದ್ರದಾಚೆಯ ಪಾಗೊ ಪಾಗೊ ಊರಿನಿಂದ ಸೋದರತ್ತೆ ಮೆಲೆನೈತೆ.

"ನಿನ್ನ ಅಂಗಡಿ ಯಾಕೋ ಮುಚ್ಚಿದೆ?"

"ಭಾನುವಾರ ಅಲ್ವಾ ಅತ್ತೆ."

"ನಿಂಗೆ ಭಾನುವಾರ. ನಮಗಿಲ್ಲಿ ಇನ್ನೂ ಶನಿವಾರ ಕಣೋ."

ಲೋಪೆತಿ ನಾಲಿಗೆ ಕಚ್ಚಿಕೊಂಡ. ಎರಡೂ ಊರಿನ ಗಡಿಯಾರ ತೋರಿಸುವುದು ಒಂದೇ ಹೊತ್ತು, ಆದರೆ ನಡುವೆ ದಿನ ಬದಲಾಗುವ ರೇಖೆ ಹಾದುಹೋಗುವುದರಿಂದ ವಾರ ಬೇರೆ. ತನ್ನ ಭಾನುವಾರವೇ ಲೋಕದ ಭಾನುವಾರ ಎಂದುಕೊಂಡುಬಿಟ್ಟಿದ್ದ.

"ನಾಳೆ ಚರ್ಚಲ್ಲಿ ನಿಮ್ಮಪ್ಪನ ಹಾಡು ಹಾಡ್ಬೇಕು. ಹನ್ನೆರಡು ಜನ ಬಾಯಿ ತೆರ್ಕೊಂಡು ಕೂತಿದಾರೆ, ಹಲಗೆ ಮೇಲೆ ಒಂದಂಕಿ ಇಲ್ಲ. ನಂಗೆ ಎಂಬತ್ತೆರಡು ಆಯ್ತು. ಮುಂದಿನ ವರ್ಷ ಗಂಟಲು ಇರುತ್ತೋ ಇಲ್ವೋ. ತೆಗಿ ಬಾಗಿಲು."

ಟೊಂಗಾದಲ್ಲಿ ಸೋದರತ್ತೆಯ ಮಾತನ್ನು ಮೀರಿದವರಿಲ್ಲ. ಭಾನುವಾರ ಕೆಲಸಕ್ಕೆ ಕೈ ಹಚ್ಚಿದವರೂ ಇಲ್ಲ. ಲೋಪೆತಿ ಕಂಪ್ಯೂಟರಿನ ಎದುರು ನಿಂತ. ನಿನ್ನೆ ಸಂಜೆ ತಾನೇ ಹೊದಿಸಿದ ಬಟ್ಟೆ ಹಾಗೆಯೇ ಇತ್ತು. ಅದನ್ನು ಸರಿಸಲು ಕೈ ಏಳಲಿಲ್ಲ. ಅಪ್ಪನ ಬಿಳಿ ಅಂಗೈ ನೆನಪಾಯಿತು.

"ಅತ್ತೆ, ಸೀಮೆಸುಣ್ಣ ಇದೆಯಾ? ನಾನು ಹಾಡ್ತೀನಿ, ನೀವು ಬರ್ಕೊಳ್ಳಿ. ಬರೆಯೋದು ಕೆಲಸ, ನಿಮಗೆ ಶನಿವಾರ. ಹಾಡೋದು ಪ್ರಾರ್ಥನೆ, ನನಗೆ ಭಾನುವಾರ."

"ಪಾದ್ರಿ ಆಗ್ಬೇಕಿತ್ತು ನೀನು. ಹೂಂ, ಶುರು ಮಾಡು."

ಅವನು ಸ್ವರಸ್ವರವಾಗಿ ಹಾಡಿದ. ಅತ್ತ ಕಡೆ ಸೀಮೆಸುಣ್ಣ ಕೀರುವುದು ಕೇಳುತ್ತಿತ್ತು. ಮೂರನೆಯ ಸಾಲಿನಲ್ಲಿ ನಿಂತುಬಿಟ್ಟ.

"ಇಲ್ಲಿ ಅಪ್ಪನ ಕಾಗದ ಹುಳ ತಿಂದಿದೆ ಅತ್ತೆ. ನನ್ನ ಪುಟದಲ್ಲೂ ಖಾಲಿ ಬಿಟ್ಟಿದೀನಿ."

"ಖಾಲಿ ಎಲ್ಲಿಂದ ಬಂತು? ಅಲ್ಲಿ ನಿಮ್ಮಪ್ಪ ಕೆಳಗಿಳೀತಿದ್ದ," ಎಂದು ಅತ್ತೆ ನಡುಗುವ ದನಿಯಲ್ಲಿ ಹಾಡಿದಳು. ಮೂವತ್ತು ವರ್ಷದಿಂದ ಕೇಳದ ಆ ಇಳಿತ ಸಮುದ್ರ ದಾಟಿ ಬಂತು. ಒಲೆಯ ಬಳಿ ಊಟಕ್ಕೆ ಕಾದಿದ್ದವರೂ ಎದ್ದು ಫೋನಿನ ಹತ್ತಿರ ಬಂದರು.

ಸೋಮವಾರ ಬೆಳಗ್ಗೆ, ಅತ್ತೆಯ ಊರಿನಲ್ಲಿ ಭಾನುವಾರದ ಗಂಟೆ ಹೊಡೆಯುವ ಹೊತ್ತಿಗೆ, ಲೋಪೆತಿ ಬಟ್ಟೆ ತೆಗೆದು ಆ ಖಾಲಿ ಜಾಗ ತುಂಬಿದ. ಬಾಗಿಲ ನಿಯಮ ಬದಲಿಸಲಿಲ್ಲ. ಕೆಳಗೆ ತನ್ನ ಫೋನ್ ನಂಬರಿನೊಂದಿಗೆ ಒಂದು ಸಾಲು ಸೇರಿಸಿದ: "ಮುಚ್ಚಿದ್ದರೆ ಕರೆ ಮಾಡಿ, ಹಾಡಿ ಹೇಳುತ್ತೇನೆ."