ತತ್ತಿಗೊಂದು ಕಲ್ಲು

ಭೂಮಿಕಾ ಟೀಚರು ಕಯಾಕ್ ದೋಣಿಯನ್ನು ದಡಕ್ಕೆ ಎಳೆಯುವುದರೊಳಗೆ ಕರಿಯಕ್ಕ ಅವಳ ಬಟ್ಟೆಚೀಲಕ್ಕೆ ಕೈ ಹಾಕಿಬಿಟ್ಟಿದ್ದಳು. ನೀರಿನ ಬಾಟಲಿ, ದುರ್ಬೀನು, ಪೇಪರಿನಲ್ಲಿ ಕಟ್ಟಿದ ಒಗ್ಗರಣೆ ಮಂಡಕ್ಕಿ. ತತ್ತಿ ಮಾತ್ರ ಇಲ್ಲ.

"ಏನ್ ಹುಡುಕಾಕತ್ತೀರಿ ಅಕ್ಕಾ?"

"ಏನಿಲ್ರಿ ಟೀಚರ್. ಚೀಲ ನೀರಿಗೆ ಬಿದ್ದೀತು ಅಂತ ಹಿಡಕಂಡೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಕರಿಯಕ್ಕನ ಮುಖ ಬಿಸಿಯಾಯಿತು. ಅನುಮಾನ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದರೆ ಹಗರಿಬೊಮ್ಮನಹಳ್ಳಿಯ ಈ ಬದಿಗೆ ನಾಲ್ಕಾರು ನಡುಗಡ್ಡೆಗಳು ಏಳುತ್ತವೆ. ಅವುಗಳ ಬೋಳು ನೆಲದ ಮೇಲೆ ಹಳದಿ ಕೊಕ್ಕಿನ ಹೊಳೆಹಕ್ಕಿಗಳು ಗೂಡುಗೀಡು ಕಟ್ಟುವ ಗೊಡವೆಗೇ ಹೋಗದೆ ತತ್ತಿ ಇಡುತ್ತವೆ. ತತ್ತಿಯ ಬಣ್ಣ ಥೇಟ್ ನೆಲದ್ದೇ. ತುಳಿದ ಮೇಲೆಯೇ ಗೊತ್ತಾಗುವುದು. ಅದಕ್ಕೇ ಬಲೆ ಒಣಗಿಸಲು ಹೋಗುವ ಬೆಸ್ತರು ತತ್ತಿ ಕಂಡಲ್ಲಿ ಪಕ್ಕಕ್ಕೊಂದು ಕಲ್ಲಿಡುವುದು ಕರಿಯಕ್ಕನ ಅತ್ತೆಯ ಕಾಲದಿಂದ ಬಂದ ರೂಢಿ. ಬೋಟಿಂಗ್ ಶುರುವಾಗಿ, ತನಗೆ ಹಕ್ಕಿ ಕಾಯುವ ಕೆಲಸ ಸಿಕ್ಕ ಮೇಲೆ ಅವಳು, ಪೇಟೆಯವರ ಕಣ್ಣಿಗೂ ಬೀಳಲಿ ಎಂದು ಈ ಸಲ ಒಂದೊಂದು ಕಲ್ಲಿಗೂ ಸುಣ್ಣ ಹಚ್ಚಿದ್ದಳು.

ಆರು ದಿನದಲ್ಲಿ ಹನ್ನೊಂದು ತತ್ತಿ ಮಾಯವಾದವು. ಕಲ್ಲುಗಳು ಇದ್ದಲ್ಲೇ ಇದ್ದವು. ತತ್ತಿ ಕಳೆದುಕೊಂಡ ಹಕ್ಕಿಗಳು ಕೂಗುತ್ತ ಸುತ್ತುವುದನ್ನು ಕೇಳಿ ಬಂದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಟೀಚರು ಬರತೊಡಗಿದ್ದೂ ಆ ಆರು ದಿನದಿಂದಲೇ. ಕೊಟ್ಟೂರಿನ ಶಾಲೆಯಂತೆ, ರಜೆಯಂತೆ. ಉಳಿದವರು ಕೇಕೆ ಹಾಕಿ, ನೀರೆರಚಾಡಿ, ಸೆಲ್ಫಿ ತೆಗೆದುಕೊಂಡು ಹೋದರೆ ಇವಳೊಬ್ಬಳು ನಡುಗಡ್ಡೆಯ ಹತ್ತಿರ ಹುಟ್ಟು ನಿಲ್ಲಿಸಿ ಗಂಟೆಗಟ್ಟಲೆ ಕೂರುವಳು. ಸುಮ್ಮನೆ ಕೂರಲು ಅಷ್ಟು ದೂರದಿಂದ ಯಾರಾದರೂ ಬರುತ್ತಾರೆಯೇ? ನೀರುನಾಯಿ ಮೀನು ಕಚ್ಚಿಕೊಂಡು ಓಡಿದ್ದನ್ನು ಕಂಡು ಅವಳು ನಕ್ಕರೆ ಕರಿಯಕ್ಕನಿಗೆ ಅದೂ ನಾಟಕ. ಮೊನ್ನೆಯಂತೂ, "ಆ ಕಲ್ಲಿಗೆ ಸುಣ್ಣ ಯಾಕ ಹಚ್ಚೀರಿ ಅಕ್ಕಾ?" ಎಂದು ಕೇಳಿದ್ದಳು. ಕಳ್ಳರಲ್ಲದೆ ಇನ್ಯಾರಿಗೆ ಬೇಕು ಅಂಥ ವಿಚಾರಣೆ!

ಟೀಚರು ಬಸ್ಸು ಹತ್ತಿದ್ದೇ ತಡ, ಕರಿಯಕ್ಕ ಬೋಟಿಂಗ್ ನೋಡಿಕೊಳ್ಳುವ ಏಕಾಂತಪ್ಪನ ಮುಂದೆ ಹೋಗಿ ನಿಂತಳು.

"ಆಕಿನ ಇನ್ನ ನೀರಿಗೆ ಬಿಡಬ್ಯಾಡ್ರಿ ಅಣ್ಣಾ. ತತ್ತಿ ಕದಿಯಾಕಿ ಆಕಿನ."

"ನೀ ಕಣ್ಣಾರೆ ನೋಡೀಯೇನು? ಸುಮ್ಸುಮ್ಕ ಮಾಸ್ತರಮ್ಮನ ಮ್ಯಾಲೆ ಕಳ್ಳತನ ಹೊರಿಸಿದ್ರ ಹೆಂಗ?"

"ನಾಳಿ ನೋಡ್ತೀನಿ. ನೋಡಿ, ಎಲ್ಲಾರ ಮುಂದ ಮರ್ಯಾದಿ ತೆಗೀತೀನಿ."

ಮರುದಿನ ಹೊತ್ತು ಮೂಡುವ ಮೊದಲೇ ಅವಳು ನಡುಗಡ್ಡೆಗೆ ಹೋಗಿ, ಹರಿಗೋಲನ್ನು ಬೋರಲು ಹಾಕಿ ಅದರ ಮರೆಗೆ ಕೂತಳು. ಬಿಸಿಲೇರಿತು. ಟೀಚರ ಕಯಾಕ್ ಬಂತು, ದಡದಿಂದ ನಾಲ್ಕು ಮಾರು ಆಚೆಗೇ ನಿಂತಿತು. ಇಳಿ, ಇಳಿ ಎಂದು ಮನಸ್ಸಿನಲ್ಲೇ ಅನ್ನುತ್ತ ಕರಿಯಕ್ಕ ಹಲ್ಲು ಕಡಿದಳು.

ಇಳಿದದ್ದು ಕಾಗೆ. ಅದು ಹುಡುಕಲಿಲ್ಲ, ಅತ್ತಿತ್ತ ನೋಡಲಿಲ್ಲ. ನೇರ ಒಂದು ಬಿಳಿ ಕಲ್ಲಿನ ಬಳಿಗೆ ನಡೆದು, ಪಕ್ಕದ ತತ್ತಿಯನ್ನು ಕಚ್ಚಿಕೊಂಡು ಹಾರಿತು. ಇನ್ನೊಂದು ಬಂತು. ಅದೂ ಬಿಳಿ ಕಲ್ಲಿಗೇ.

"ಹುಶ್! ಹುಶ್!" ಟೀಚರು ಹುಟ್ಟಿನಿಂದ ಪಟಪಟ ನೀರು ಬಡಿದಳು. ಹರಿಗೋಲಿನ ಹಿಂದಿನಿಂದ ಎದ್ದ ಕರಿಯಕ್ಕನನ್ನು ಕಂಡು ಅವಳ ಕೈ ನಿಂತಿತು. "ಅಕ್ಕಾ... ನಂಗೂ ನಿನ್ನೀತನಕ ಖಾತ್ರಿ ಇದ್ದಿಲ್ಲ. ನೀವು ಅಷ್ಟು ಪ್ರೀತಿಲೆ ಇಟ್ಟ ಕಲ್ಲು. ಹೆಂಗ ಹೇಳ್ಲಿ?"

ಹೋದ ಒಂದೊಂದು ತತ್ತಿಗೂ ಕರಿಯಕ್ಕ ತಾನೇ ಕಾಗೆಗೆ ಗುರುತು ಹಾಕಿ ಕೊಟ್ಟಿದ್ದಳು. ಅಳುತ್ತಲೇ ಓಡಾಡಿ ಒಂದೊಂದೇ ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು. ಕೊನೆಯದನ್ನು ಎತ್ತಿಕೊಂಡು ನೆಟ್ಟಗಾದಾಗ ಅವಳು ನಡುಗಡ್ಡೆಯ ನಟ್ಟನಡುವೆ ಇದ್ದಳು. ಸುತ್ತಲೂ ಒಂದೇ ಬಣ್ಣದ ನೆಲ. ಅದರಲ್ಲಿ ಎಲ್ಲೆಲ್ಲೋ ತತ್ತಿಗಳು. ಎತ್ತಿದ ಕಾಲನ್ನು ಕೆಳಗಿಡಲು ಧೈರ್ಯ ಬರಲಿಲ್ಲ.

"ಟೀಚರ್," ಎಂದಳು, ತಲೆಯೆತ್ತದೆ. "ನೀವು ದಿನಾ ನೋಡೀರಿ. ಕಾಲು ಎಲ್ಲಿಡ್ಲಿ, ಹೇಳ್ರಿ."

ಟೀಚರು ದುರ್ಬೀನನ್ನು ಕಣ್ಣಿಗೆ ಹಿಡಿದು ಅವಳ ಕಾಲ ಸುತ್ತಲ ನೆಲ ನೋಡಿದಳು.

"ಎಡಕ್ಕ, ಅಕ್ಕಾ. ಸಣ್ಣ ಹೆಜ್ಜಿ."

ಕರಿಯಕ್ಕ ಎಡಕ್ಕೆ ಒಂದು ಸಣ್ಣ ಹೆಜ್ಜೆ ಇಟ್ಟು, ಮುಂದಿನ ಮಾತಿಗೆ ಕಾದಳು.