ಫ್ರೀ ಇದ್ದೀರಾ ಮೇಷ್ಟ್ರೇ?

ಒಂದು ಪದದ ಕೆಳಗೆ ಅರ್ಥಗಳು ಬೋರ್ಡಿನ ಅಂಚಿನವರೆಗೂ ಇಳಿದಿದ್ದವು. ಸ್ವತಂತ್ರ, ಬಿಟ್ಟಿ, ಬಿಡುವು, ಖಾಲಿ, ಸಡಿಲ. ಗುರುಪ್ರಕಾಶ ಇನ್ನೊಂದು ಬರೆಯಲು ಸೀಮೆಸುಣ್ಣ ಎತ್ತಿದ. ಜೇಬಿನಲ್ಲಿ ಫೋನು ನಡುಗಿತು.

‘ಫ್ರೀ’ ಅವನ ಮೆಚ್ಚಿನ ಪದ. ಇಷ್ಟು ಚಿಕ್ಕ ಪದ ಇಂಗ್ಲಿಷಿನಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ಕೊಳ್ಳೇಗಾಲದ ಕಾಲೇಜಿನಲ್ಲಿ ಪ್ರತಿ ವರ್ಷವೂ ಹೇಳುತ್ತಿದ್ದ. ಹುಡುಗರು ಪ್ರತಿ ವರ್ಷವೂ ಆಕಳಿಸುತ್ತಿದ್ದರು.

ಫೋನು ಹಿಡಿದು ವರಾಂಡಕ್ಕೆ ಬಂದ.

“ನಾನು ಪುಟ್ಟಸಿದ್ದಯ್ಯ ಕಣ್ರಿ. ಮಧ್ಯಾನಕ್ಕ ಫ್ರೀ ಇದ್ದೀರಾ ಮೇಷ್ಟ್ರೇ?”

ಪುಟ್ಟಸಿದ್ದಯ್ಯ ಯಳಂದೂರಿನಾಚೆಯ ಹಳ್ಳಿಯೊಂದರ ಯಜಮಾನ. ಅದು ಗುರುಪ್ರಕಾಶನ ಹೆಂಡತಿ ರತ್ನಳ ತವರು. ಯುಗಾದಿಗೆ ಹೋದವಳು ದೀಪಾವಳಿ ಕಳೆದರೂ ಬಂದಿರಲಿಲ್ಲ.

“ಏನು ವಿಷಯ?”

“ಇನ್ನೇನು, ನಿಮ್ಮಿಬ್ಬರ್ದೇಯ. ಜನ ಸೇರ್ತೀವಿ. ಇತ್ಯರ್ಥ ಮಾಡ್ಬುಡವ.”

“ಫ್ರೀ ಇದ್ದೀನಿ” ಎಂದ.

ಹೇಳಿದ ಮೇಲೆ ನಾಚಿಕೆಯಾಯಿತು. ಯಾರೋ ಕಾಫಿಗೆ ಕರೆದ ಹಾಗೆ ಒಪ್ಪಿಕೊಂಡಿದ್ದ.

ರಜೆ ಕೇಳಲು ಹೋದರೆ ಪ್ರಿನ್ಸಿಪಾಲರು ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದರು. “ಬೆಳಿಗ್ಗೆಯಿಂದ ಫ್ರೀ ಆಗಿಲ್ಲ ಕಣ್ರೀ” ಎಂದರು. ಎರಡನೇ ಮಾತಿಲ್ಲದೆ ರಜೆ ಕೊಟ್ಟರು. ಆ ಅರ್ಥವನ್ನು ಬೋರ್ಡಿನ ಮೇಲೆ ಬರೆದಿರಲಿಲ್ಲ ಎಂಬುದು ಅವನಿಗೆ ಹೊಳೆಯಿತು. ಹೆಂಡತಿಯ ವಿಚಾರ ತೀರ್ಮಾನವಾಗುವ ದಿನವೂ ತನ್ನ ತಲೆ ಇಂಥದ್ದನ್ನೇ ಹೆಕ್ಕುತ್ತಿದೆಯಲ್ಲ ಎಂದು ಅಸಹ್ಯವಾಯಿತು.

ಅವಳನ್ನು ಕರೆದುಕೊಂಡು ಬರಬೇಕು. ಅದೊಂದು ಮಾತ್ರ ಖಚಿತವಾಗಿತ್ತು. ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲೇ ಇರುತ್ತಿತ್ತು. ಅದು ಮೊದಮೊದಲು ಸುಖವೆನಿಸಿತ್ತು. ಈಗೀಗ ಸಂಜೆ ಬೀಗ ತೆಗೆದು ಒಳಗೆ ಹೋಗಲು ಭಯವಾಗುತ್ತಿತ್ತು. ಅವನನ್ನು ಸಾರ್ ಎನ್ನದೆ ಮಾತಾಡಿಸುವ ಒಂದು ಜೀವವೂ ಆ ಊರಿನಲ್ಲಿ ಉಳಿದಿರಲಿಲ್ಲ. ಮಕ್ಕಳಿರಲಿಲ್ಲ. ಅದರ ಬಗ್ಗೆ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ. ಅವಳ ಮನಸ್ಸಿಗೆ ನೋವಾಗಬಾರದು ಎಂದು ಅವನು ಸುಮ್ಮನಿದ್ದ. ಹಾಗೆಂದು ಅವನು ನಂಬಿದ್ದ.

ಬಸ್ ಸ್ಟ್ಯಾಂಡಿನ ಬಳಿ ಬೈಕು ನಿಲ್ಲಿಸಿ ಒಂದು ಕವಳಿಗೆ ವೀಳ್ಯದೆಲೆ, ಅಡಿಕೆ ಕೊಂಡ. ಹನೂರಿನ ಕಡೆಯ ತನ್ನೂರಿನಲ್ಲಿ ಅಪ್ಪ ದೊಡ್ಡವರ ಮುಂದೆ ಹೋಗುವಾಗ ಎಲೆ ಅಡಿಕೆ ಹಿಡಿದು ಹೋಗುತ್ತಿದ್ದ ನೆನಪು. ಅಪ್ಪ ಯಾವಾಗ ಇಡುತ್ತಿದ್ದ, ಯಾಕೆ ಇಡುತ್ತಿದ್ದ, ಕೇಳಿರಲಿಲ್ಲ. ಆಗ ಅವನು ಹಾಸ್ಟೆಲಿನಲ್ಲಿ ಓದುತ್ತಿದ್ದ.

“ಸುಣ್ಣ ಫ್ರೀ ಸಾ” ಎಂದು ಎಲೆ ಮಾರುವವಳು ಒಂದು ಪೊಟ್ಟಣ ತುರುಕಿದಳು.

ಮಾರಿಗುಡಿಯ ಜಗಲಿಯಲ್ಲಿ ಜನ ಸೇರಿದ್ದರು. ನಡುವೆ ಒಂದು ಹಿತ್ತಾಳೆ ತಟ್ಟೆ, ಖಾಲಿ. ಪುಟ್ಟಸಿದ್ದಯ್ಯ ಅದರ ಹಿಂದೆ ಕಂಬಕ್ಕೊರಗಿ ಕೂತಿದ್ದ. ರತ್ನ ತಾಯಿ ಶಿವಮ್ಮನ ಪಕ್ಕದಲ್ಲಿದ್ದಳು. ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದಳು. ಅವಳು ಇಷ್ಟು ನೆಟ್ಟಗೆ ಕೂರುವುದನ್ನು ಅವನು ನೋಡಿರಲಿಲ್ಲ.

“ಏನು ಅಂತ ಏಳವ್ವ ರತ್ನ” ಎಂದ ಪುಟ್ಟಸಿದ್ದಯ್ಯ. “ಕುಡ್ದು ಬತ್ತಾರಾ?”

“ಇಲ್ಲ.”

“ಒಡ್ದವ್ರಾ?”

“ಇಲ್ಲ.”

“ಬೇರೆ ಯಾರ್ನಾರ...”

“ಅಯ್ಯೋ, ಇಲ್ಲ ಬುಡಿ. ಅಷ್ಟು ಆಸೆ ಎಲ್ಲದ ಅವ್ರಿಗ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗುರುಪ್ರಕಾಶ ತನ್ನ ಬಿಳಿ ಷರ್ಟಿನ ಗುಂಡಿ ನೋಡಿಕೊಂಡ.

“ಮತ್ತೇನು ಮಾಡುದ್ರು ಅಂತ ಏಳವ್ವ. ತಪ್ಪು ಅನ್ನಾದು ಒಂದು ಬೇಕಲ್ಲ.”

“ಏನೂ ಮಾಡ್ನಿಲ್ಲ” ಎಂದಳು ರತ್ನ. “ಜರ ಬಂದು ನಾನು ಮಲ್ಗಿದ್ದಿ. ಬಾಗುಲ್ಲೇ ನಿಂತ್ಕಂಡು, ರೆಸ್ಟ್ ತಕೋ, ಅಡುಗೆ ಮಾಡ್ಲೇಬೇಕು ಅಂತಿಲ್ಲ, ನೀನು ಫ್ರೀ ಅಂದ್ರು. ಅಣೆ ಮುಟ್ಟಿ ನೋಡ್ನಿಲ್ಲ. ತವರ್ಗ ಓಯ್ತೀನಿ ಅಂದಿ. ನೀನು ಫ್ರೀ ಅಂದ್ರು. ತಿರ್ಗ ಬರ್ಲಾ ಬ್ಯಾಡ್ವಾ ಅಂತ ಕೇಳ್ದಿ.”

“ಏನಂದ್ರು?”

“ಅದ್ನೇ ಅಂದ್ರು.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ತಪ್ಪಿಗೆ ಅವರಲ್ಲಿ ದಂಡವಿರಲಿಲ್ಲ.

“ಇದೊಂದು ತಪ್ಪಾ?” ಎಂದ ಒಬ್ಬ ಮುದುಕ. “ನಮ್ಮನೇಲಿ ಇಂಗಂದಿದ್ರ ಅವ್ಳು ಕುಣೀತಿದ್ಲು.”

“ಬಾಳಾ ಫ್ರೀ ಬುಟ್ಬುಟ್ರಿ ಮೇಷ್ಟ್ರೇ” ಎಂದ ಇನ್ನೊಬ್ಬ. “ಅದ್ಕೇ ಇಂಗಾಗಿರಾದು.”

ಶಿವಮ್ಮ ಸಿಡಿದಳು. “ಫ್ರೀ ಬುಡಾಕ ನನ್ ಮಗ್ಳೇನು ಮೇಯಾಕ ಓಗೋ ದನ್ವಾ? ಬಾಯಿ ಮುಚ್ಕಂಡು ಕೂತ್ಕಳಲಾ!” ಆಮೇಲೆ ಅಳಿಯನ ಕಡೆ ತಿರುಗಿದಳು. ದನಿ ಇಳಿಯಿತು. “ಅಳಿಮಯ್ಯ, ಒಂದು ಮಾತು ಏಳಿ. ಬಾ ಅನ್ನಿ, ಸಾಕು. ಅವ್ಳು ಬತ್ತಾಳ. ನನ್ ಮಗ್ಳು ನಂಗೊತ್ತಿಲ್ವಾ?”

ಗುರುಪ್ರಕಾಶ ಗಂಟಲು ಸರಿಮಾಡಿಕೊಂಡ. ಅವನಿಗೆ ಹೇಳಬೇಕಾದದ್ದು ಒಂದಕ್ಷರ. ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ಈಗ ಅದು ಬಾಯಿಗೆ ಬಂದರೆ ಆಜ್ಞೆಯ ಹಾಗೆ ಕೇಳಿಸಬಹುದು ಎನಿಸಿತು. ಅಥವಾ ಭಿಕ್ಷೆಯ ಹಾಗೆ. ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸುವಷ್ಟರಲ್ಲಿ ಎಲ್ಲರ ಕಣ್ಣೂ ಅವನ ಮೇಲಿತ್ತು.

ಮಾತಿಗೆ ಮುಂಚೆ ಮರ್ಯಾದೆ ಇರಲಿ ಎಂದು ಚೀಲಕ್ಕೆ ಕೈ ಹಾಕಿದ. ಎಲೆ ಅಡಿಕೆ ತೆಗೆದು ತಟ್ಟೆಯ ನಡುವೆ ಅಚ್ಚುಕಟ್ಟಾಗಿ ಇಟ್ಟ. ಸುಣ್ಣವನ್ನೂ ಇಟ್ಟ.

ಶಿವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರತ್ನ ಅಂದು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

“ಅಲ್ಲಾ ಮೇಷ್ಟ್ರೇ” ಎಂದ ಪುಟ್ಟಸಿದ್ದಯ್ಯ ನಿಧಾನವಾಗಿ, “ಬುಡುಗಡೆ ಕೇಳ್ಬುಟ್ರಲ್ಲ?”

“ನಾನೇನು ಕೇಳಿದೆ?”

“ಗಂಡ ಎಂಡ್ತಿ ನ್ಯಾಯ್ದಲ್ಲಿ ತಟ್ಟೆಗ ಎಲೆ ಯಾರು ಮಡಗ್ತಾರೋ ಅವ್ರಿಗ ಸಂಸಾರ ಬ್ಯಾಡ ಅಂತ. ನಿಮ್ ಕಡೀಗೂ ಇದೇ ಅಲ್ವಾ?”

ಅವನ ಕಡೆಗೂ ಅದೇ. ಈಗ ನೆನಪಾಯಿತು. ಚಿಕ್ಕಮ್ಮನ ನ್ಯಾಯದ ದಿನ ಅಪ್ಪ ಎಲೆಯ ಚೀಲವನ್ನು ಬಿಗಿಯಾಗಿ ಕಂಕುಳಲ್ಲಿ ಅವುಚಿಕೊಂಡಿದ್ದ, ಯಾರಿಗೂ ಕೊಟ್ಟಿರಲಿಲ್ಲ. ಹುಡುಗನಾಗಿ ಅದನ್ನು ಜಿಪುಣತನ ಎಂದುಕೊಂಡಿದ್ದ.

“ಅವ್ರಿಗ ತಿಳೀದು ಯಜಮಾನ್ರೇ” ಎಂದಳು ಶಿವಮ್ಮ. “ಓದ್ದೋರು.”

“ತಿಳೀದಿದ್ರ ಎತ್ಕಳ್ಲಿ, ನಂಗೇನು? ಗುಡೀಲಿ ಸಂಜ ದೀಪ ಅಚ್ಚೋಗಂಟ ತಟ್ಟೆ ಇಲ್ಲೇ ಇರ್ತದ. ಅಷ್ಟ್ರೊಳಗ ಎಲೆ ಮಡಗ್ದೋರೇ ಬಗ್ಗಿ ಎತ್ಕಂಡ್ರ ಆಯ್ತು, ಏನೂ ಆಗಿಲ್ಲ. ಎತ್ಕಳಿ ಮೇಷ್ಟ್ರೇ. ಫ್ರೀಯಾಗಿ ಎತ್ಕಳಿ, ಯಾರೂ ನಗಾದಿಲ್ಲ.”

ಇಬ್ಬರು ಆಗಲೇ ನಗುತ್ತಿದ್ದರು.

ತಟ್ಟೆ ಅವನ ಮೊಳಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಎತ್ತಿಕೊಂಡರೆ, ತನ್ನ ಜನದ ಪದ್ಧತಿ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅದಾದರೂ ಹೋಗಲಿ. ಈ ಹೆಂಗಸು ನನಗೆ ಬೇಕು ಎಂದು ಇಷ್ಟು ಜನರೆದುರು ಮೈಯಿಂದ ಹೇಳಿದ ಹಾಗೆ. ಅವನ ಬೆನ್ನು ಬಾಗಲಿಲ್ಲ. ಅದು ಹಟವೂ ಆಗಿರಲಿಲ್ಲ. ಬೆನ್ನು ಬೇರೆ ಯಾರದೋ ಎಂಬಂತೆ ಇತ್ತು.

“ರತ್ನಾನೇ ಹೇಳಲಿ” ಎಂದ. “ಅವಳ ಇಷ್ಟ. ನಾನು ಯಾವತ್ತೂ ಬಲವಂತ ಮಾಡಿದವನಲ್ಲ.”

ಪುಟ್ಟಸಿದ್ದಯ್ಯನಿಗೆ ರೇಗಿತು. “ಎಲೆ ಮಡಗ್ದೋರು ನೀವು! ಅವ್ಳೇನ್ರಿ ಏಳಾದು? ಥೂ, ಇದ್ಯಾವ ನಮೂನೆ ಓದು!”

ರತ್ನ ಎದ್ದು ಸೀರೆ ಕೊಡವಿಕೊಂಡಳು. “ನಂಗ ಒತ್ತಾಯ್ತು. ಅರ್ಧ ದಿನುಕ್ಕ ರಜ ಏಳಿ ಬಂದಿವ್ನಿ. ಅಂಗಡಿಗ ಓಗ್ಬೇಕು.”

“ಯಾವ ಅಂಗಡಿ?” ಎಂದು ಗುರುಪ್ರಕಾಶ ಕೇಳಿದ.

“ಕೊಳ್ಳೇಗಾಲದಲ್ಲಿ. ಬಟ್ಟೆ ಅಂಗಡಿ. ದಸರಾದಿಂದ ಓಯ್ತಾ ಇವ್ನಿ.” ಒಂದು ಕ್ಷಣ ನಿಂತಳು. “ನಿಮ್ಮನೆ ಮುಂದ್ಲೇ ಬಸ್ಸು ಓಗಾದು.”

ಬಸ್ಸು ಹೆಂಗಸರಿಗೆ ಫ್ರೀ ಎಂದು ಯಾರೋ ಅನಗತ್ಯವಾಗಿ ಸೇರಿಸಿದರು.

ಅವಳು ನಡೆದು ಹೋದಳು. ತಟ್ಟೆ ಅಲ್ಲೇ ಇತ್ತು. ಅವನೂ ಎದ್ದ. ಯಾರೂ ತಡೆಯಲಿಲ್ಲ.

ಕೊಳ್ಳೇಗಾಲದ ದಾರಿಯಲ್ಲಿ ಮಾಂಬಳ್ಳಿ ದಾಟುವವರೆಗೂ ಅವನು ಬೈಕಿನ ಮೇಲೆ ತನ್ನೊಳಗೇ ವಾದ ಮಾಡುತ್ತಿದ್ದ. ತಾನು ಒಬ್ಬ ಹೆಣ್ಣಿನ ಆಯ್ಕೆಯನ್ನು ಗೌರವಿಸಿದೆ. ಅಲ್ಲಿದ್ದವರಲ್ಲಿ ಒಬ್ಬನಿಗೂ ಅದು ಅರ್ಥವಾಗದು. ವಾದ ಚೆನ್ನಾಗಿತ್ತು. ಕೇಳುವವರಿರಲಿಲ್ಲ. ಬಲಕ್ಕೆ ಬಿಳಿಗಿರಿರಂಗನ ಬೆಟ್ಟ ಮಬ್ಬಾಗುತ್ತಿತ್ತು. ದೀಪ ಹಚ್ಚಲು ಇನ್ನೂ ಹೊತ್ತಿದೆ ಎಂದು ತಟ್ಟನೆ ಅನಿಸಿತು. ಹಿಂದಿರುಗಿ ಹೋದರೆ ಆಯಿತು. ಬಗ್ಗಿದರೆ ಆಯಿತು.

ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು. ಅದರ ಮೇಲೆಯೇ ಅವನು ಬೈಕು ತಿರುಗಿಸಿದ. ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಏನೋ ಕಳಚಿದ ಸದ್ದು. ಬೈಕು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು.

ಆಕ್ಸಿಲರೇಟರ್ ತಿರುವಿದ. ಇಂಜಿನ್ನು ಗುಡುಗಿತು. ಬೈಕು ಕದಲಲಿಲ್ಲ.

ಹುರುಳಿ ಹರಡಿದ್ದ ಹೆಂಗಸು ಕವೆಗೋಲು ಹಿಡಿದು ಓಡಿಬಂದಳು. “ಸಾ, ಅಲ್ಲೇ ನಿಂತ್ಕಂಡ್ರ ಕಾಳು ಉದುರಾದಿಲ್ಲ. ಅತ್ಲಾಗಾರ ಓಗಿ, ಇತ್ಲಾಗಾರ ಓಗಿ!”

ಯಳಂದೂರಿನ ಕಡೆಯಿಂದ ಬಸ್ಸು ಬಂತು. ಹಾರನ್ ಬಾರಿಸಿತು. ಕಿಟಕಿಗಳ ತುಂಬ ಹೆಂಗಸರ ಮುಖ. ಒಂದು ಕಿಟಕಿಯಲ್ಲಿ ನೀಲಿ ಸೀರೆ.

“ಚೈನ್ ಬಿದ್ದೋಗದ” ಎಂದಳು ರತ್ನ, ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ. “ಇಳ್ದು ನೋಡ್ರಿ.”

ಅವನು ತಲೆಯಾಡಿಸಿದ. ಎಲ್ಲ ಸರಿ ಇದೆ ಎಂಬಂತೆ ನಕ್ಕ. ಬಸ್ಸು ಒಂದು ಪಕ್ಕಕ್ಕೆ ವಾಲಿ, ಮಣ್ಣಿಗಿಳಿದು, ಅವನನ್ನು ಬಳಸಿಕೊಂಡು ಹೋಯಿತು.

ಅವನ ಒಂದು ಪಕ್ಕಕ್ಕೆ ಲಾರಿ, ಇನ್ನೊಂದು ಪಕ್ಕಕ್ಕೆ ಟ್ರ್ಯಾಕ್ಟರ್ ಬಂದು ನಿಂತವು. ಎರಡೂ ಕೂಗಿಕೊಂಡವು. ಗುರುಪ್ರಕಾಶ ಸೀಟಿನ ಮೇಲೆ ನೆಟ್ಟಗೆ ಕೂತು ಇನ್ನಷ್ಟು ತಿರುವಿದ. ಸದ್ದು ಹೊಲದಾಚೆ ಬೆಟ್ಟದವರೆಗೂ ಹೋಯಿತು. ಚಕ್ರದ ಕಡ್ಡಿಗಳ ನಡುವೆ ಸಿಕ್ಕಿದ್ದ ಹುರುಳಿ ಬಳ್ಳಿಯ ಒಂದು ಕಾಯೂ ಅಲುಗಲಿಲ್ಲ.