ಧ್ಯಾನಕ್ಕೊಬ್ಬ ವೈರಿ

ಸಿಂಧನೂರಿನ ಹೈಸ್ಕೂಲ್ ಮಾಸ್ತರ ಲಕ್ಷ್ಮಣ ಧ್ಯಾನ ಶಿಬಿರ ಮುಗಿಸಿ ಬಂದ ಮೇಲೆ ಅವನ ಮನೆಯಲ್ಲಿ ಸೊಳ್ಳೆಗೂ ಮರ್ಯಾದೆ ಹೆಚ್ಚಿತು. ಕಚ್ಚಿದರೆ ಹೊಡೆಯುತ್ತಿರಲಿಲ್ಲ. ಕೂತಲ್ಲಿಂದಲೇ “ದೀಪಾ, ಫ್ಯಾನ್ ಹಚ್ಚು” ಎಂದು ಹೆಂಡತಿಗೆ ಹೇಳುತ್ತಿದ್ದ.

ದಿನಾ ಬೆಳಿಗ್ಗೆ ಮೈತ್ರಿಧ್ಯಾನ. ಬುದ್ಧನ ಫೋಟೊದ ಮುಂದೆ ಕಣ್ಣು ಮುಚ್ಚಿ ಕೂತು ಮೊದಲು ತನಗೆ, ಆಮೇಲೆ ಮನೆಯವರಿಗೆ, ಗುರುತಿಲ್ಲದವರಿಗೆ, ಕೊನೆಗೆ ವೈರಿಗೆ ಒಳ್ಳೆಯದನ್ನು ಹಾರೈಸಬೇಕು. ವೈರಿಯದೇ ಎಲ್ಲಕ್ಕಿಂತ ಕಠಿಣ ಎಂದು ಶಿಬಿರದಲ್ಲಿ ಹೇಳಿದ್ದರು. ಆ ಜಾಗಕ್ಕೆ ಲಕ್ಷ್ಮಣ ಮಸ್ಕಿಯಲ್ಲಿರುವ ಸ್ವಂತ ಅಣ್ಣ ಗಾಳೆಪ್ಪನನ್ನು ಕೂರಿಸಿಕೊಂಡಿದ್ದ. ಅಣ್ಣ ಮಾಡಿದ ಅಪರಾಧ ಇಷ್ಟೇ: ಬುದ್ಧ ಪೂರ್ಣಿಮೆಯ ಬ್ಯಾನರಿನಲ್ಲಿ ತಮ್ಮನ ಫೋಟೊವನ್ನು ಕೆಳಗಿನ ಸಾಲಿನಲ್ಲಿ, ಶಾಮಿಯಾನದವನ ಪಕ್ಕ ಹಾಕಿಸಿದ್ದ. ಅಂದಿನಿಂದ ಮಾತು ಬಂದ್.

ಈಗ ಗಾಳೆಪ್ಪನ ಮಗಳು ನಂದಿನಿಯ ಮದುವೆ. ಬೌದ್ಧ ಪದ್ಧತಿಯ ಮದುವೆಯಲ್ಲಿ ‘ಬುದ್ಧಂ ಶರಣಂ ಗಚ್ಛಾಮಿ’ ಎಂಬ ತ್ರಿಶರಣ ಹೇಳಿಕೊಡಲು ಕಾಕಾನೇ ಬೇಕೆಂದು ಅವಳ ಹಟ. ಅವಳನ್ನು ಎತ್ತಿ ಆಡಿಸಿದ್ದ ದೀಪಾಳಿಗೂ ಹೋಗುವ ಆಸೆ.

“ಭಾವಾರು ಬಂದು ಕರದ್ರ ಹೋಗೂಣ್ರಿ.”

“ಹೋದ್ರ ರಾಜಿ ಆಕೈತಿ. ರಾಜಿ ಆದ್ರ ಧ್ಯಾನಕ್ಕ ವೈರಿನ್ನ ಎಲ್ಲಿಂದ ತರ್ಲಿ? ನನಗ ಇರಾಂವ ಅಂವ ಒಬ್ಬನ!”

ದೀಪಾ ಎದ್ದು ಒಲೆಯ ಕಡೆ ನಡೆದಳು.

ಮರುದಿನ ಮೊದಲ ಬಸ್ಸಿಗೇ ಗಾಳೆಪ್ಪ ಬಂದ. ಒಡಹುಟ್ಟಿದವರನ್ನು ಕಾರ್ಡು ಕೊಟ್ಟು ಕರೆಯುವ ವಾಡಿಕೆ ಅವರ ಮನೆತನದಲ್ಲಿಲ್ಲ, ಕೈ ಹಿಡಿದೇ ಕರೆಯಬೇಕು. ಧ್ಯಾನಕ್ಕೆ ಕೂತಿದ್ದ ತಮ್ಮನ ಎದುರು ಚಾಪೆಯ ಮೇಲೆ ಕೂತು ಕೈ ಚಾಚಿದ. ಕೆಮ್ಮಿನಿಂದಲೇ ಲಕ್ಷ್ಮಣನಿಗೆ ಅಣ್ಣನ ಗುರುತು ಹತ್ತಿತು. ಕಣ್ಣು ಮಾತ್ರ ತೆರೆಯಲಿಲ್ಲ, ಸಾಧನೆ ಕೆಡುತ್ತದಲ್ಲ!

“ನನ್ನ ವೈರಿ ಗಾಳೆಪ್ಪ ಸುಖವಾಗಿರಲಿ” ಎಂದು ಗಟ್ಟಿಯಾಗಿ, ಎಂದಿಗಿಂತ ಹೆಚ್ಚು ಕರುಣೆಯಿಂದ ಹಾರೈಸಿದ.

ಗಾಳೆಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. “ನಾ ಅಣ್ಣ ಅದೀನಿ ಅಂತ ತಿಳಕೊಂಡು ಬಂದಿದ್ನವ್ವಾ” ಎಂದು ದೀಪಾಳಿಗೆ ಹೇಳಿ ಎದ್ದ. ದೀಪಾ ಆ ಹಿರಿಯನ ಮುಖ ನೋಡಿದಳು.

“ನಿಂದರ್ರಿ ಭಾವಾ, ನಾ ಬರ್ತೀನಿ” ಎಂದು ಸೀರೆಗಳನ್ನು ಚೀಲಕ್ಕೆ ತುಂಬಿದಳು.

ಮೊಬೈಲಿನಲ್ಲಿ ಧ್ಯಾನ ಮುಗಿದ ಗಂಟೆ ಹೊಡೆಯಿತು. ಲಕ್ಷ್ಮಣ ಕಣ್ಣು ಬಿಟ್ಟ. “ಎಲ್ಲಿ ಹೊಂಟಿ?”

“ಮದಿವಿಗೆ. ತ್ರಿಶರಣ ನನಗೂ ಬರ್ತಾವ, ನಾನ ಹೇಳಿಕೊಡ್ತೀನಿ.”

“ಮತ್ತ ನಾನು?”

“ನೀವು ಧ್ಯಾನ ಮಾಡ್ರಿ. ಭಾವಾರ್ನ ವೈರಿ ಜಾಗದಿಂದ ಎಬ್ಬಿಸ್ಕೊಂಡು ಹೊಂಟೀನಿ. ಅದು ಖಾಲಿ ಇರಬಾರ್ದಲ್ರಿ, ನನ್ನ ಹೆಸರು ಹಾಕ್ಕೊರಿ.”

ಮರುದಿನ ಬೆಳಿಗ್ಗೆ ಲಕ್ಷ್ಮಣ ಮತ್ತೆ ಕೂತ. ತನಗೆ ಹಾರೈಸಿಕೊಂಡ. ಮನೆಯವರ ಸರದಿ ಬಂದಾಗ ಸೊಳ್ಳೆಯೊಂದು ಕುತ್ತಿಗೆಗೆ ಕಚ್ಚಿತು.

“ದೀಪಾ, ಫ್ಯಾನ್ ಹಚ್ಚು” ಎಂದ. ಮನೆಯಲ್ಲಿ ಯಾರಿದ್ದಾರೆ? ಇನ್ನೊಮ್ಮೆ ಕಚ್ಚಿತು.

ಫಟ್ಟನೆ ಹೊಡೆದು ಕೊಂದ.